ಅಣ್ಣಿಗೇರಿಯಲ್ಲಿ ನೋಡತಕ್ಕದ್ದೇನು?

ಪ್ರೇಕ್ಷಣೀಯ ಸ್ಥಳಗಳೆಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸು ಬೇಲೂರು, ಹಳೇಬೀಡು, ಹಂಪೆಗಳ ಕಡೆಗೆ ಹರಿಯುವುದು ಸಹಜ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಹೆಸರು ಆ ಸಾಲಿನಲ್ಲಿ ಬರುವುದು ಅಪರೂಪ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲುದಾರಿಯಲ್ಲಿ, ಎರೆಯ ಹೊಲಗಳ ನಡುವೆ ಇರುವ ಈ ಊರನ್ನು ಪ್ರಯಾಣಿಕರು ಗಾಡಿಯ ಕಿಟಕಿಯಿಂದಲೇ ನೋಡಿ ಮುಂದೆ ಸಾಗುವುದು ಹೆಚ್ಚು. ಆದರೆ ಕನ್ನಡನಾಡಿನ ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಇಲ್ಲಿ ಇಳಿದು ಒಂದು ದಿನವನ್ನು ಕಳೆಯುವುದಕ್ಕೆ ತಕ್ಕ ಕಾರಣಗಳುಂಟು. ಅವುಗಳಲ್ಲಿ ಕೆಲವು ಕಣ್ಣಿಗೆ ಕಾಣುವಂಥವು. ಕೆಲವು ಓದಿ ತಿಳಿಯಬೇಕಾದಂಥವು. ಎರಡನೆಯವುಗಳಿಲ್ಲದೆ ಮೊದಲನೆಯವು ಅರ್ಥವಾಗುವುದಿಲ್ಲವೆಂಬುದೇ ನಾವು ಇಲ್ಲಿ ಹೇಳಬೇಕಾಗಿರುವ ಮಾತು.

ಮೊದಲು ಕಣ್ಣನ್ನು ಸೆಳೆಯುವುದು ಅಮೃತೇಶ್ವರ ದೇವಾಲಯ. ಇದು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಕ್ರಿ.ಶ. ೧೦೫೦ರ ಸುಮಾರಿನಲ್ಲಿ ಕಟ್ಟಲ್ಪಟ್ಟದ್ದು. ಇದರ ಚಾವಣಿಯನ್ನು ೭೬ ಕಂಬಗಳು ಹೊತ್ತಿವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಿಲ್ಪಿಗಳು ಮರಳುಗಲ್ಲಿನಲ್ಲಿ ಕೆಲಸ ಮಾಡಿದರು. ಇಲ್ಲಿಯ ಶಿಲ್ಪಿಗಳಾದರೋ ಬಳಪದ ಕಲ್ಲನ್ನು ಆರಿಸಿಕೊಂಡರು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲುಗಳಿಗೆ ಗಟ್ಟಿಯಾಗುವ ಈ ಕಲ್ಲು ಸೂಕ್ಷ್ಮವಾದ ಕೆತ್ತನೆಗೆ ಬಹಳ ಅನುಕೂಲವಾದುದು. ಚಾಲುಕ್ಯ ದೇವಾಲಯಗಳಲ್ಲಿ ಈ ಕಲ್ಲನ್ನು ಬಳಸಿದವುಗಳ ಪೈಕಿ ಇದೇ ಮೊದಲನೆಯದೆಂದು ವಿದ್ವಾಂಸರು ಎಣಿಸುತ್ತಾರೆ. ೧೧೧೨ರ ಇಟಗಿಯ ಮಹಾದೇವ ದೇವಾಲಯ ಇದೇ ದಾರಿಯಲ್ಲಿ ಬೆಳೆದದ್ದು. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವಾಲಯದ ಕಲ್ಲೂ ಇದೇ ಜಾತಿಯದು. ಬೇಲೂರನ್ನು ಕಂಡವರಿಗೆ ಅಣ್ಣಿಗೇರಿಯ ಕೆಲಸ ಸರಳವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಇದು ಅದಕ್ಕಿಂತ ಅರುವತ್ತು ವರ್ಷಗಳಿಗೂ ಹಿಂದಿನದೆಂಬುದನ್ನು ನೆನೆದು ನೋಡಬೇಕು.

ಇನ್ನು ಓದಬೇಕಾದವುಗಳ ವಿಚಾರ. ಈ ಊರು ದೇವಾಲಯಕ್ಕಿಂತ ಬಹಳ ಹಳೆಯದು. ಬಾದಾಮಿಯ ಚಾಲುಕ್ಯರಲ್ಲಿ ಕೊನೆಯವನಾದ ಇಮ್ಮಡಿ ಕೀರ್ತಿವರ್ಮನ ಆಳ್ವಿಕೆಯ ಆರನೆಯ ವರ್ಷದ, ಎಂದರೆ ಸುಮಾರು ೭೫೧ರ ಇಲ್ಲಿಯ ಶಾಸನವೊಂದು, ಕಲಿಯಮ್ಮನೆಂಬ ಊರಗೌಡನು ಜಿನಾಲಯವನ್ನು ಕಟ್ಟಿಸಿದನೆಂದು ತಿಳಿಸುತ್ತದೆ. ಮುಂದೆ ಇದು ಬೆಳ್ವೊಲ ಮುನ್ನೂರೆಂಬ ನಾಡಿನ ಮುಖ್ಯ ಪಟ್ಟಣವಾಯಿತು.

ಆ ನಾಡಿನ ಕಥೆಯ ಒಂದು ತುದಿ ಮೈಸೂರು ಸೀಮೆಯಲ್ಲಿಯೇ ಇದೆ. ಮದ್ದೂರಿನ ಕಡೆಯ ಆತಕೂರಿನಲ್ಲಿ ದೊರೆತು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿದ ಕಲ್ಲನ್ನು ನಮ್ಮಲ್ಲಿ ಕೆಲವರಾದರೂ ನೋಡಿರಬಹುದು; ಕಾಳಿ ಎಂಬ ನಾಯಿಯ ಪರಾಕ್ರಮವನ್ನು ಹೇಳುವ ಕಲ್ಲದು. ೯೪೯ರ ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನೆಂದೂ, ರಾಷ್ಟ್ರಕೂಟ ಚಕ್ರವರ್ತಿ ಕೃಷ್ಣನು ಮೆಚ್ಚಿ ಅವನಿಗೆ ಬೆಳ್ವೊಲವೇ ಮೊದಲಾದ ನಾಡುಗಳನ್ನು ಕೊಟ್ಟನೆಂದೂ ಅದರಲ್ಲಿ ಬರೆದಿದೆ. ಈ ಬೂತುಗನೇ ಅಣ್ಣಿಗೇರಿಯಲ್ಲಿ ಗಂಗ ಪೆರ್ಮಾಡಿಯೆಂಬ ತನ್ನ ಬಿರುದಿನ ಹೆಸರಿನಲ್ಲಿ ಬಸದಿಯನ್ನು ಕಟ್ಟಿಸಿದನು.

ಕಥೆಯ ಇನ್ನೊಂದು ತುದಿ ಅಣ್ಣಿಗೇರಿಯ ಸಮೀಪದ ಗಾವರವಾಡದ ಶಾಸನದಲ್ಲಿದೆ. ಒಂದು ಶತಮಾನದ ತರುವಾಯ ಚೋಳನು ಬೆಳ್ವೊಲವನ್ನು ಹೊಕ್ಕು ಪೆರ್ಮಾಡಿಯ ಜಿನಾಲಯಗಳನ್ನು ಸುಟ್ಟನು. ಬಳಿಕ ಯುದ್ಧದಲ್ಲಿ ಆಹವಮಲ್ಲ ಸೋಮೇಶ್ವರನಿಗೆ ತನ್ನ ತಲೆಯನ್ನು ಒಪ್ಪಿಸಿದನು ಎಂದು ಅದು ಕಟುವಾದ ಮಾತುಗಳಲ್ಲಿ ಹೇಳುತ್ತದೆ. ಸುಮಾರು ೧೦೫೪ರ ಕೊಪ್ಪದ ಕಾಳಗದಲ್ಲಿ ರಾಜಾಧಿರಾಜನು ಮಡಿದದ್ದು ನಿಜ; ಆದರೆ ಆ ಕಾಳಗವನ್ನು ಚೋಳರ ಶಾಸನಗಳು ತಮ್ಮ ಜಯವೆಂದೇ ವರ್ಣಿಸುತ್ತವೆ. ಆದುದರಿಂದ ಶಾಸನಗಳ ಕೋಪವನ್ನಾಗಲಿ ಹೆಮ್ಮೆಯನ್ನಾಗಲಿ ನಾವು ತೂಕಮಾಡಿಯೇ ಓದಬೇಕು. ಗಾವರವಾಡದ ಕಲ್ಲನ್ನು ನಿಲ್ಲಿಸಿದ ಉದ್ದೇಶ ಶತ್ರುನಿಂದೆಯಲ್ಲ. ೧೦೭೧ರ ಸುಮಾರಿನಲ್ಲಿ ಬೆಳ್ವೊಲವನ್ನು ಆಳುತ್ತಿದ್ದ ಲಕ್ಷ್ಮರಸನು ಹಾಳಾಗಿದ್ದ ಬಸದಿಯನ್ನು ಉದ್ಧಾರಮಾಡಿ, ಹಳೆಯ ದತ್ತಿಯನ್ನು ಮತ್ತೆ ನಡೆಯುವಂತೆ ಮಾಡಿದನೆಂಬುದೇ ಅದರ ಮುಖ್ಯ ವಿಷಯ. ಸುಟ್ಟದ್ದನ್ನು ಹೇಳಲು ಒಂದೆರಡು ಮಾತು ಸಾಕಾಯಿತು. ಮತ್ತೆ ಕಟ್ಟಿದ್ದನ್ನು ಉಳಿಸಲು ಭೂಮಿಯ ಲೆಕ್ಕ, ದತ್ತಿಯ ಕಟ್ಟಳೆ, ತಪ್ಪಿದವರಿಗೆ ಶಾಪ, ಇಷ್ಟೂ ಬೇಕಾದವು.

ಪಂಪನ ಸಂಬಂಧವೂ ಕಲ್ಲಿನಿಂದಲೇ ತಿಳಿದದ್ದು. ೯೦೨ರಲ್ಲಿ ಹುಟ್ಟಿ, ೯೪೧ರಲ್ಲಿ ತನ್ನ ಭಾರತವನ್ನು ಮುಗಿಸಿದ ಆದಿಕವಿ ಇಲ್ಲಿಯವನೇ ಎಂದು ಊರಿನವರು ಅಭಿಮಾನದಿಂದ ಹೇಳುವರು. ತೆಲಂಗಾಣದ ಕುರ್ಕ್ಯಾಲದಲ್ಲಿ ಅವನ ತಮ್ಮ ಜಿನವಲ್ಲಭನು ಬಂಡೆಯಲ್ಲಿ ಬರೆಯಿಸಿದ ಶಾಸನವು ಹೇಳುವುದಿಷ್ಟು: ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆನೆಂದು ಪಂಪನೇ ಹೇಳಿಕೊಂಡಿರುವನಷ್ಟೆ. ಆ ಪುಲಿಗೆರೆ, ಎಂದರೆ ಲಕ್ಷ್ಮೇಶ್ವರ, ಬೆಳ್ವೊಲಕ್ಕೆ ನೆರೆಯ ನಾಡು. ತಾಯಿಯ ಕಡೆಯ ಊರಿನ ನೆರೆಯ ಮಾತು ಕಾವ್ಯದ ಮಾತಾಯಿತೆಂದು ಊಹಿಸಿದರೆ ತಪ್ಪಾಗಲಾರದು.

ಚಾಲುಕ್ಯವಂಶದ ಕೊನೆಯ ದೊರೆ ನಾಲ್ವಡಿ ಸೋಮೇಶ್ವರನು, ಕಳಚೂರ್ಯರಿಂದ ರಾಜ್ಯವನ್ನು ಮರಳಿ ಪಡೆದಮೇಲೆ, ೧೧೮೪ರಿಂದೀಚೆಗೆ ಕೆಲವು ಕಾಲ ಈ ಊರಿನಿಂದ ಆಳಿದನು. ಆ ಅರಮನೆಯನ್ನು ಹುಡುಕಿ ಹೋದವರಿಗೆ ನಿರಾಶೆಯಾದೀತು. ಆದುದರಿಂದ ಅಣ್ಣಿಗೇರಿಗೆ ಹೋಗುವವರು ಹೊರಡುವ ಮುನ್ನ ಇಲ್ಲಿಯ ಶಾಸನಗಳ ಅರ್ಥವನ್ನು ಓದಿಕೊಂಡು ಹೊರಡಲಿ. ಅಮೃತೇಶ್ವರನ ಗುಡಿಯನ್ನು ನೋಡಿದ ಬಳಿಕ ಬಸದಿಯನ್ನೂ ಶಾಸನದ ಕಲ್ಲುಗಳನ್ನೂ ವಿಚಾರಿಸಿ ನೋಡಲಿ. ಮೊಮ್ಮಗಳೊಬ್ಬಳ ಹೆಸರೂ, ಸುಟ್ಟ ಬಸದಿಯನ್ನು ಎತ್ತಿ ನಿಲ್ಲಿಸಿದವನ ಹೆಸರೂ ನಮಗೆ ತಿಳಿದಿರುವುದು ಅಂಥ ಕಲ್ಲುಗಳು ಉಳಿದುದರಿಂದ. ಊರೂರಿನಲ್ಲಿಯೂ ಇನ್ನೂ ಓದದ ಕಲ್ಲುಗಳಿರಬಹುದು. ಅವುಗಳ ಮೇಲೆ ಬಟ್ಟೆ ಒಗೆಯದಂತೆ, ಸುಣ್ಣ ಬಳಿಯದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೈಯಲ್ಲಿದೆ.