ತೊಟ್ಟಿಲ ಹೆಸರು: ನಮ್ಮ ಹೆಣ್ಣುಮಕ್ಕಳ ಪೂರ್ವದ ನಾಮಧೇಯಗಳನ್ನು ಕುರಿತು

ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿದಾಗ ಅದಕ್ಕಿಡತಕ್ಕ ಹೆಸರಿನ ವಿಷಯದಲ್ಲಿ ಹಿರಿಯರಿಗೂ ಕಿರಿಯರಿಗೂ ಭಿನ್ನಾಭಿಪ್ರಾಯವುಂಟಾಗುವುದು ಹೊಸ ಸಂಗತಿಯಲ್ಲ. ಕೂಸನ್ನೆತ್ತಿಕೊಂಡು ಮಠಕ್ಕೆ ಬರುವ ಭಕ್ತರ ಮಾತುಗಳನ್ನು ಕೇಳುತ್ತಿದ್ದರೆ ಇದು ಚೆನ್ನಾಗಿ ತಿಳಿದುಬರುವುದು. ಅಜ್ಜಿಯು ತನ್ನ ಅತ್ತೆಯ ಹೆಸರು ಮನೆಯಲ್ಲಿ ನಿಲ್ಲಬೇಕೆನ್ನುವಳು. ತಾಯಿಯು ಶಾಲೆಯಲ್ಲಿ ತನ್ನ ಮಗಳು ನಗೆಗೀಡಾಗಬಾರದೆನ್ನುವಳು. ಈಚೆಗೆ ಮಾತ್ರ ಒಂದು ವಿಶೇಷವನ್ನು ಕಾಣುತ್ತಿದ್ದೇವೆ. ಕಿರಿಯರು ಕೂಡ ಹಳೆಯ ಹೆಸರುಗಳನ್ನೇ ಹುಡುಕತೊಡಗಿದ್ದಾರೆ. ಇದನ್ನು ಕಂಡು ಹಿರಿಯರು ಹಿಗ್ಗಿದರೆ ಆಶ್ಚರ್ಯವಿಲ್ಲ. ಆದರೆ ಅಜ್ಜಿಯು ಹಳೆಯದೆನ್ನುವ ಹೆಸರೇ ಬೇರೆ, ಸೊಸೆಯು ಹಳೆಯದೆಂದು ಮೆಚ್ಚುವ ಹೆಸರೇ ಬೇರೆ. ಈ ಭೇದವು ಎಲ್ಲಿಂದ ಬಂದಿತೆಂಬುದನ್ನು ಇತಿಹಾಸಮುಖದಿಂದ ಸ್ವಲ್ಪ ವಿಚಾರಿಸಿ ನೋಡುವೆವು.

ನಮ್ಮ ನಾಡಿನ ಶಿಲಾಶಾಸನಗಳಲ್ಲಿ ದೊರೆಯುವ ಸ್ತ್ರೀನಾಮಗಳಲ್ಲಿ ‘ಅಬ್ಬೆ’ ಎಂದು ಮುಗಿಯುವಂಥವು ಬಹಳ. 10ನೆಯ ಶತಮಾನದಲ್ಲಿ ನಾಗರಖಂಡವನ್ನಾಳಿದವಳು ಜಕ್ಕಿಯಬ್ಬೆ. 1007ರಲ್ಲಿ ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿಯು ಅತ್ತಿಮಬ್ಬೆ. ಅಬ್ಬೆಯೆಂದರೆ ತಾಯಿ. ಈ ಅಬ್ಬೆಯೇ ಕಾಲಕ್ರಮದಲ್ಲಿ ಅವ್ವೆಯಾಗಿ, ಅವ್ವೆಯು ಅವ್ವಳಾಗಿ, ಧಾರವಾಡ ವಿಜಯಪುರ ಪ್ರಾಂತಗಳ ನೀಲವ್ವ ಗಂಗವ್ವ ಬಸವ್ವರಲ್ಲಿ ಇಂದಿಗೂ ಉಳಿದಿರುವಳು. ಮೈಸೂರ ಸೀಮೆಯವರು ‘ಅವ್ವ’ ಎಂಬುದು ಒರಟೆಂದು ಭಾವಿಸಿ ‘ಅಮ್ಮ’ನನ್ನು ಹಿಡಿದರು, ಉತ್ತರದವರಿಗೆ ನೀಲಮ್ಮನೆಂದರೆ ಎಲ್ಲಿಯೋ ದೂರದ ನೆಂಟಳಂತೆ ಕೇಳಿಸುವುದು. ಸಾವಿರ ವರುಷದ ವಂಶಾವಳಿಯುಳ್ಳ ಪ್ರತ್ಯಯವನ್ನು ಒರಟೆನ್ನುವುದು ಸರಿಯಲ್ಲವೆಂದು ನಮಗೆ ತೋರುವುದು. ಆದರೆ ಕಿವಿಯ ರುಚಿಯೊಡನೆ ವಾದಿಸಿ ಗೆದ್ದವರಾರು?

ಅತ್ತಿಮಬ್ಬೆಯ ವಿಷಯದಲ್ಲಿ ಸ್ಮರಿಸತಕ್ಕ ಮಾತೊಂದುಂಟು. ಅವಳ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನ ಕವಿಯು ತನ್ನ ಮಗಳಿಗೆ ಅತ್ತಿಮಬ್ಬೆಯೆಂದೇ ಹೆಸರಿಟ್ಟನು. ಬಳೆಗಾರರ ಕುಲದಲ್ಲಿ ಹುಟ್ಟಿದ ಕವಿಯು ಕುಲದ ಹಿರಿಯಳೊಬ್ಬಳ ಹೆಸರನ್ನು ಬಿಟ್ಟು, ತಾನು ಕಣ್ಣಾರೆ ಕಂಡ ಹಿರಿಮೆಯ ಹೆಸರನ್ನು ಮಗಳಿಗೆ ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಮೆಚ್ಚಿ ಹೆಸರಿಡುವುದು ಇಂದಿನವರ ಹವ್ಯಾಸವೆಂದು ಬೇಸರಪಡುವ ಹಿರಿಯರು ಇದನ್ನು ನೆನೆಯಬೇಕು.

ಇನ್ನೊಂದು ಜೋಡಿಯನ್ನು ನೋಡಿರಿ. ಹೊಯ್ಸಳ ವಿಷ್ಣುವರ್ಧನನ ಅರಸಿ ಶಾಂತಲೆ; ಅವಳ ತಾಯಿ ಮಾಚಿಕಬ್ಬೆ. 1131ರಲ್ಲಿ ಮಗಳು ಶಿವಗಂಗೆಯಲ್ಲಿ ದೇಹವನ್ನು ಬಿಡಲು, ತಾಯಿಯು ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ಪ್ರಾಣತ್ಯಾಗ ಮಾಡಿದಳೆಂದು ಶಾಸನವು ಹೇಳುತ್ತದೆ. ತಾಯಿಯದು ಅಚ್ಚಗನ್ನಡದ ಹಳೆಯ ಜಾಡು, ಮಗಳದು ಸಂಸ್ಕೃತದ ನಯ. ಒಂದೇ ಮನೆಯಲ್ಲಿ ಒಂದೇ ತಲೆಮಾರಿನ ಅಂತರದಲ್ಲಿ ರುಚಿಯು ಹೀಗೆ ಹೊರಳಿತ್ತು. ಎಂಟುನೂರು ವರುಷಗಳ ಮೇಲೆ ಕೆ. ವಿ. ಅಯ್ಯರರ ಕಾದಂಬರಿಯನ್ನೋದಿದ ಮನೆಗಳಲ್ಲಿ ಶಾಂತಲೆಯರು ಮರಳಿ ಹುಟ್ಟಿದರು. ಮಾಚಿಕಬ್ಬೆಯೆಂದು ತೊಟ್ಟಿಲು ತೂಗಿದವರನ್ನು ನಾವು ಕಾಣೆವು.

ಇನ್ನು ಶರಣೆಯರ ಹೆಸರುಗಳಿಗೆ ಬರುವೆವು. 12ನೆಯ ಶತಮಾನದ ಹಾಗೂ ಅದರ ಆಸುಪಾಸಿನ ವಚನಕಾರ್ತಿಯರು ಮೂವತ್ತಕ್ಕೆ ಮಿಗಿಲಾಗಿರುವರು. ಅವರಲ್ಲಿ ಅಕ್ಕಮಹಾದೇವಿ, ನೀಲಾಂಬಿಕೆ, ಗಂಗಾಂಬಿಕೆ, ನಾಗಲಾಂಬಿಕೆ, ಮುಕ್ತಾಯಕ್ಕ ಇವರನ್ನು ಎಲ್ಲರೂ ಬಲ್ಲರು. ಉಡುತಡಿಯ ಮಹಾದೇವಿಗೆ ‘ಅಕ್ಕ’ ಎಂಬುದು ಶರಣರು ಸಲ್ಲಿಸಿದ ಗೌರವ, ಹುಟ್ಟುಹೆಸರಲ್ಲ. ಆದರೂ ನಮ್ಮ ಜನರು ಆ ಗೌರವವನ್ನು ಬಿಡಲೊಲ್ಲದೆ ಇಡಿಯಾಗಿ ಅಕ್ಕಮಹಾದೇವಿಯೆಂದೇ ಕೂಸಿಗೆ ಹೆಸರಿಡುವರು. ತಿಂಗಳು ತುಂಬದ ಮಗುವು ಮನೆಮಂದಿಗೆಲ್ಲ ಅಕ್ಕನಾಗುವುದು.

ಉಳಿದವರ ಹೆಸರುಗಳನ್ನು ಕೇಳಿರಿ: ಕದಿರ ಹಿಡಿದು ನೂಲು ತೆಗೆದ ರೆಮ್ಮವ್ವೆ, ಕೊಟ್ಟಣ ಕುಟ್ಟಿದ ಸೋಮಮ್ಮ, ಆಯ್ದಕ್ಕಿಯ ಲಕ್ಕಮ್ಮ, ಗೊಗ್ಗವ್ವೆ, ಮಸಣಮ್ಮ, ಸಂಕವ್ವೆ. ಲಕ್ಷ್ಮಿಯು ಲಕ್ಕಮ್ಮಳಾದದ್ದು ಶಬ್ದದ ಕೆಡುಕಲ್ಲ. ದುಡಿಯುವವರ ನಾಲಗೆಯಲ್ಲಿ ಹೊರಳಿ ಹದವಾದ ಮಾತು ಅದು. ವಚನಗಳ ಅಂಕಿತದಲ್ಲಿ ಈ ತಾಯಂದಿರು ತಮ್ಮ ಹೆಸರನ್ನಿಡಲಿಲ್ಲ. ಮುಕ್ತಾಯಕ್ಕನ ಅಂಕಿತದಲ್ಲಿರುವುದು ಅಣ್ಣನಾದ ಅಜಗಣ್ಣನ ಹೆಸರು. ಲಕ್ಕಮ್ಮನದರಲ್ಲಿ ಪತಿಯಾದ ಮಾರಯ್ಯನ ಹೆಸರು. ಆದುದರಿಂದ ಅನೇಕರ ಹೆಸರನ್ನು ನಾವು ತಿಳಿಯುವುದು ಓಲೆಯ ಕಟ್ಟುಗಳಲ್ಲಿ ಲಿಪಿಕಾರರು ಬರೆದಿಟ್ಟ ‘ಇಂಥವರ ಪುಣ್ಯಸ್ತ್ರೀ ಇಂಥವಳು’ ಎಂಬ ಒಂದು ಸಾಲಿನಿಂದಲೇ. ಇದರಲ್ಲಿ ಕಾಳವ್ವೆಯರೇ ಮೂವರಿರುವರು: ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ, ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ ಕಾಳವ್ವೆ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ. ಗಂಡಂದಿರ ಹೆಸರನ್ನು ಅಳಿಸಿದರೆ ಮೂವರೂ ಒಬ್ಬಳಾಗಿಬಿಡುವರು. ಇವರಲ್ಲಿ ಕಡೆಯವಳ ಪತಿಯು ಅಸ್ಪೃಶ್ಯವೆನಿಸಿದ ಕುಲದಲ್ಲಿ ಹುಟ್ಟಿ ಗುರುವಿನ ಮಠದ ಪೀಠವನ್ನೇರಿದನೆಂದು ಪರಂಪರೆಯು ಹೇಳುವುದು.

ಶರಣರ ಕಾಲದ ತರುವಾಯವೂ ಹೆಣ್ಣಿನ ಹೆಸರು ಉಳಿದದ್ದು ಬರವಣಿಗೆಯಲ್ಲಿ ಅಲ್ಲ, ಮೊಮ್ಮಗಳಲ್ಲಿ. ವಂಶಾವಳಿಯ ಪಟ್ಟಿಗಳಲ್ಲಿ ಗಂಡಸರ ಹೆಸರುಗಳು ಸಾಲುಗಟ್ಟಿ ನಿಲ್ಲುವುವು. ಹೆಂಗಸರಿಗೆ ಇದ್ದ ಸ್ಮಾರಕವೆಂದರೆ ತೀರಿಹೋದ ಅಜ್ಜಿಯ ಹೆಸರನ್ನು ಕೂಸಿಗೆ ಇಡುವ ರೂಢಿಯೊಂದೇ. ಇದರಲ್ಲಿಯೂ ಒಂದು ತೊಡಕಿತ್ತು: ಸೊಸೆಯು ಅತ್ತೆಯ ಹೆಸರನ್ನೆತ್ತಬಾರದು. ಆದುದರಿಂದ ತಾಯಿಯು ತನ್ನ ಮಗಳನ್ನೇ ಹೆಸರಿನಿಂದ ಕರೆಯಲಾರದೆ ಅವ್ವಿ, ತಂಗಿ, ಪುಟ್ಟಿ ಎಂದು ಕರೆಯುತ್ತಿದ್ದಳು. ಹಾಗೆಂದು ಹಳೆಯದೆಲ್ಲವೂ ಆದರಣೀಯವೆಂದು ನಾವು ಹೇಳುವುದಿಲ್ಲ. ಹುಟ್ಟಿದ ಕೂಸುಗಳು ಉಳಿಯದಿದ್ದಾಗ ಮೃತ್ಯುವಿನ ಕಣ್ಣು ತಪ್ಪಿಸಲು ತಿಪ್ಪೆಯ ಹೆಸರಿನಿಂದ ತಿಪ್ಪವ್ವಳೆಂದು ಕರೆದದ್ದರಲ್ಲಿ ತಾಯಿಯ ದುಃಖವಿದೆ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿತೆಂದು ಬೇಸತ್ತು ‘ಸಾಕವ್ವ’ ಎಂದದ್ದರಲ್ಲಿ ಏನಿದೆ? ಅಂಥ ಹೆಸರನ್ನು ಹೊತ್ತು ಎಂಬತ್ತು ವರುಷ ಬಾಳಿ ಮನೆತನವನ್ನೆಲ್ಲ ಸಾಕಿದ ತಾಯಂದಿರು ಆ ಮಾತಿನ ಅರ್ಥವನ್ನೇ ತಿರುಗಿಸಿದರು. ಅದು ಅವರ ಹಿರಿಮೆ, ಹೆಸರಿಟ್ಟವರದಲ್ಲ.

ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಭಾವದಿಂದ ಗಂಗವ್ವ ಗಂಗಾಬಾಯಿಯಾದಳು. ಗುಲ್ವಾಡಿ ವೆಂಕಟರಾಯರು 1899ರಲ್ಲಿ ಪ್ರಕಟಿಸಿದ ಕಾದಂಬರಿಯ ನಾಯಕಿಯೂ ಇಂದಿರಾಬಾಯಿಯೇ. ಮುಂದೆ ಬಾಲಿಕೆಯರ ಶಾಲೆಗಳು ಹೆಚ್ಚಿದಂತೆ ಸರೋಜಾ, ವಿಮಲಾ, ಸುಶೀಲಾ ಎಂಬ ಹೆಸರುಗಳು ಬಂದು, ಅವ್ವನೂ ಅಮ್ಮನೂ ಬಾಯಿಯೂ ಒಟ್ಟಿಗೆ ಉದುರಿದರು. ಆ ಸರೋಜೆಯರೂ ಇಂದು ಅಜ್ಜಿಯರಾಗಿ, ಅವರ ಹೆಸರುಗಳೂ ಹಳತಾಗಿರುವುವು.

ಶರಣೆಯರ ಹೆಸರುಗಳು ಮನೆಮನೆಗೆ ಮರಳಿ ಬರಲು ಕಾರಣಪುರುಷರು ಫ. ಗು. ಹಳಕಟ್ಟಿಯವರು. 1923ರಲ್ಲಿ ಅವರ ವಚನಶಾಸ್ತ್ರಸಾರದ ಮೊದಲ ಭಾಗವೂ 1926ರಿಂದ ಶಿವಾನುಭವ ಪತ್ರಿಕೆಯೂ ಹೊರಬಿದ್ದ ಮೇಲೆ ಓಲೆಗಳಲ್ಲಿದ್ದ ತಾಯಂದಿರು ಓದುವವರ ಕೈಗೆ ಬಂದರು. ಆದರೆ ತೊಟ್ಟಿಲಿಗೆ ಬಂದವರು ಯಾರು? ನೀಲಾಂಬಿಕೆ ಬಂದಳು, ಗಂಗಾಂಬಿಕೆ ಬಂದಳು. ರೆಮ್ಮವ್ವೆ ಬರಲಿಲ್ಲ, ಕಾಳವ್ವೆ ಬರಲಿಲ್ಲ. ಅಷ್ಟೇಕೆ, 1824ರಲ್ಲಿ ಕುಂಪಣಿ ಸರಕಾರದೊಡನೆ ಕಾದಿದ ಕಿತ್ತೂರಿನ ಚೆನ್ನಮ್ಮನ ಪ್ರತಿಮೆಯನ್ನು 2007ರಲ್ಲಿ ದಿಲ್ಲಿಯ ಸಂಸತ್ ಭವನದ ಆವರಣದಲ್ಲಿ ನಿಲ್ಲಿಸಿ ಹರ್ಷಪಟ್ಟ ನಾವು, ಮಗಳಿಗೆ ಚೆನ್ನಮ್ಮನೆನ್ನಲು ಹಿಂದುಮುಂದು ನೋಡುವೆವು. ಚೆನ್ನೆಂದರೆ ಚೆಲುವು, ಅರ್ಥದಲ್ಲಿ ಕೊರತೆಯಿಲ್ಲ. ನಾವು ಹಳೆಯದನ್ನು ಪ್ರೀತಿಸುವೆವೆಂಬುದು ಅರ್ಧ ನಿಜ. ಹಳೆಯದರಲ್ಲಿ ಅರಮನೆಯ ಹೊಳಪುಳ್ಳದ್ದನ್ನು ಆರಿಸಿಕೊಂಡು, ಒನಕೆ ಹಿಡಿದದ್ದನ್ನು ಬಿಡುತ್ತಿರುವೆವು. ಕಾಯಕವನ್ನು ಕೊಂಡಾಡುವ ಪರಂಪರೆಯವರಿಗೆ ಇದು ಒಪ್ಪುವುದೇ?

ಈ ಮಾತನ್ನು ಬರೆಯುವಾಗ ಲೇಖಕನು ತನ್ನ ಮನೆಯದನ್ನು ಮರೆಮಾಚಬಾರದು. ನನ್ನ ತಾಯಿಯವರ ಹೆಸರೂ ಕಾಳವ್ವ. ಹೆಸರಿನಲ್ಲಿ ಕಪ್ಪು ಕೇಳಿಸುವುದೆಂದು ಬಾಲ್ಯದಿಂದಲೂ ಅವರನ್ನು ನಗೆಯಾಡಿದವರೇ ಹೆಚ್ಚು. ಅವಸಾನಕ್ಕೆ ಮೊದಲು, “ನನ್ನ ಹೆಸರ ಯಾ ಕೂಸಿಗೂ ಇಡಬ್ಯಾಡ್ರಿ, ಆ ಹೆಸರಿನ ಚಾಷ್ಟಿ ನಾ ಉಂಡದ್ದು ಸಾಕು” ಎಂದು ಹೇಳಿ ಹೋಗಿದ್ದರು. ಮೊಮ್ಮಗಳು ಹುಟ್ಟಿದಾಗ ನಾನು ಆ ಹೆಸರೆತ್ತಲಿಲ್ಲ. ಶಾಂತಲೆಯೆಂದು ನಿಶ್ಚಯವಾಗಿತ್ತು. ಹೆಸರಿಡುವ ಮುನ್ನಾದಿನ ಸೊಸೆಯು ವಚನಸಂಪುಟವೊಂದನ್ನು ತೆರೆದುಕೊಂಡು ಬಂದು, ಮೂವರು ಕಾಳವ್ವೆಯರ ಪುಟಗಳನ್ನು ತೋರಿಸಿ, “ಅಜ್ಜಿಗೆ ಇದನ್ನ ಯಾರೂ ಓದಿ ಹೇಳಿರಲಿಲ್ಲೇನ್ರಿ, ಮಾವಾರೆ?” ಎಂದು ಕೇಳಿದಳು. ನಾನು ಓದಿದವನು, ಓದಿ ಹೇಳಿರಲಿಲ್ಲ.

ಮರುದಿನ ಸೋದರತ್ತೆಯು ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಮೊದಲು ಕಾಳವ್ವೆಯೆಂದು ಮೂರು ಸಲ ಉಸುರಿ, ಆಮೇಲೆ ಶಾಂತಲೆಯೆಂದಳು. ಜನನದ ದಾಖಲೆಯಲ್ಲಿ ಎರಡನೆಯದೊಂದೇ ಇದೆ. ಮನೆಯಲ್ಲಿ ಎರಡನ್ನೂ ಯಾರೂ ಕರೆಯುವುದಿಲ್ಲ. ಕೂಸು ಸದ್ಯಕ್ಕೆ ಅವ್ವಿಯಾಗಿರುವುದು.