ಚಂದ್ರ, ಸೂರ್ಯ ಮತ್ತು ಕಾಣದ ತಾರೆಗಳು

ಶಾಸನ ಓದುವವರಿಗೆ ‘ಆಚಂದ್ರಾರ್ಕತಾರಂ ಬರಂ’ ಎಂಬ ಮಾತು ಚಿರಪರಿಚಿತ. ಚಂದ್ರ, ಸೂರ್ಯ, ತಾರೆಗಳು ಇರುವವರೆಗೆ ಈ ದತ್ತಿ ನಡೆಯಲಿ ಎಂದು ಅದರ ಅರ್ಥ. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಇದನ್ನು ಅದೆಷ್ಟು ಸಲ ಓದಿದ್ದೇನೋ. ಟಿಪ್ಪಣಿ ಪುಸ್ತಕದಲ್ಲಿ ಅದರ ಎದುರು ‘ಶಾಶ್ವತವಾಗಿ’ ಎಂದು ಒಂದೇ ಪದ ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದೆ. ಆ ಪದ ಸಾಲದು ಎಂದು ತಿಳಿದದ್ದು ಒಂದು ಎಳ್ಳಮಾವಾಸ್ಯೆಯ ರಾತ್ರಿ.

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಗೆ ಕ್ಷೇತ್ರಕಾರ್ಯಕ್ಕೆ ಹೋಗಿದ್ದೆ. ಹಗಲೆಲ್ಲ ಊರಿನವರು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಉಂಡು ಬಂದಿದ್ದರು. ನಾನು ಗುಡಿಯ ಪಕ್ಕದ ಕಲ್ಲಿನ ಮುಂದೆ ಕುಳಿತಿದ್ದೆ. ರಾತ್ರಿ ಕರೆಂಟು ಹೋಯಿತು. ನನಗೆ ಉಳಿಯಲು ಜಾಗ ಕೊಟ್ಟ ಮನೆಯ ಅಜ್ಜ ಕಟ್ಟೆಯ ಮೇಲೆ ಬಂದು ಕುಳಿತು ಕೇಳಿದರು: “ಏನಂತ ಬರದಾರ ತಂಗೀ ಆ ಕಲ್ಲಾಗ?”

“ಗುಡಿಯ ನಂದಾದೀವಿಗೆಗೆ ಎಣ್ಣೆ ಬಿಟ್ಟಿದ್ದಾರೆ ಅಜ್ಜ. ಚಂದ್ರ, ಸೂರ್ಯ, ನಕ್ಷತ್ರ ಇರೋವರೆಗೂ ಉರೀಲಿ ಅಂತ ಬರೆಸಿದ್ದಾರೆ.”

ಅಜ್ಜ ನಕ್ಕರು. “ದೀಪ ಆರಿ ಎಷ್ಟ ಕಾಲ ಆತೋ ಏನೋ. ಚಿಕ್ಕಿ ಅಂತೂ ಅದಾವ ನೋಡು. ನಿಮ್ಮ ಬೆಂಗಳೂರಾಗ ಅದಾವೇನು?”

ನಾನು ತಲೆ ಎತ್ತಿದೆ. ಮೊದಲಿಗೆ ಅಷ್ಟೇನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೂ ಮತ್ತೆ ಮೊದಲಿನಿಂದ ಕಾಯಬೇಕು. ಮೊಬೈಲನ್ನು ಚೀಲಕ್ಕೆ ಹಾಕಿ ಸುಮ್ಮನೆ ಕುಳಿತೆ. ನಿಧಾನವಾಗಿ ಆಕಾಶ ತುಂಬತೊಡಗಿತು. ನೆತ್ತಿಯ ಹತ್ತಿರ ಕೃತ್ತಿಕೆಯ ಗೊಂಚಲು, ಅದರ ಬಳಿ ಕೆಂಪು ಛಾಯೆಯ ರೋಹಿಣಿ, ಪೂರ್ವಕ್ಕೆ ಮಹಾವ್ಯಾಧನ ನಡುಪಟ್ಟಿಯ ಮೂರು ಚುಕ್ಕಿ. ಹಗಲು ಕಲ್ಲಿನ ಮೇಲೆ ನಕ್ಷತ್ರಗಳ ಹೆಸರು ಓದಿದ್ದವಳಿಗೆ ಅವುಗಳನ್ನು ಗುರುತಿಸಲು ಅಜ್ಜನ ಬೆರಳು ಬೇಕಾಯಿತು. ಗಡಿಯಾರ ಇಲ್ಲದ ಕಾಲದಲ್ಲಿ ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋದಾಗ ಈ ಚಿಕ್ಕಿಗಳು ಎಲ್ಲಿಗೆ ಬಂದವು ಎಂದು ನೋಡಿಯೇ ಮನೆಗೆ ಮರಳುತ್ತಿದ್ದೆವು ಎಂದರು ಅವರು. ವಾಯವ್ಯದಲ್ಲಿ ಮಸುಕಾದ ಒಂದು ಬೆಳಕಿನ ಕಲೆ ಕಂಡಿತು. ಅದು ದೇವಯಾನಿ ಗೆಲಾಕ್ಸಿ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ. ನನ್ನ ಶಾಸನಕ್ಕೆ ಇನ್ನೂ ಸಾವಿರ ವರ್ಷ ತುಂಬಿಲ್ಲ.

ದೀಪದ ಚರಿತ್ರೆಯನ್ನು ಬೇರೆಯಾಗಿ ಓದಬೇಕು ಎಂದು ಅನ್ನಿಸಿದ್ದು ಆಮೇಲೆ. ಶಾಸನಗಳಲ್ಲಿ ಒಂದು ದೀಪ ಉರಿಯಲು ಗಾಣ ಬಿಡುತ್ತಾರೆ, ಸೊಲ್ಲಗೆಯ ಲೆಕ್ಕದಲ್ಲಿ ಎಣ್ಣೆ ಅಳೆಯುತ್ತಾರೆ, ತಪ್ಪಿದವರಿಗೆ ಶಾಪ ಹಾಕುತ್ತಾರೆ. ಬೆಳಕು ಅಷ್ಟು ದುಬಾರಿ. ಆ ದೀಪ ಗುಡಿಯೊಳಗೆ ಉರಿದರೆ ಹೊರಗಿನ ಕತ್ತಲೆಗೆ ಏನೂ ಆಗುತ್ತಿರಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂದಿತು. ಅದನ್ನು ನಾನು ದೂರುವುದಿಲ್ಲ. ರಾತ್ರಿ ಲೈಬ್ರರಿಯಿಂದ ಹಾಸ್ಟೆಲಿಗೆ ಒಬ್ಬಳೇ ನಡೆಯುವ ನನಗೆ ಬೀದಿದೀಪದ ಬೆಲೆ ಗೊತ್ತು. ಆದರೆ ನೆಲಕ್ಕೆ ಬೀಳಬೇಕಾದ ಬೆಳಕು ಮೇಲಕ್ಕೂ ಚೆಲ್ಲುತ್ತದೆ, ಗಾಳಿಯ ಕಣ, ಧೂಳಿಗೆ ತಾಗಿ ಚದುರುತ್ತದೆ, ನಗರದ ಮೇಲೆ ಮಾಸಲು ಹೊದಿಕೆಯಾಗುತ್ತದೆ. ಒಳ್ಳೆಯ ಕತ್ತಲೆಯಲ್ಲಿ ಬರಿಗಣ್ಣಿಗೆ ಒಮ್ಮೆಗೆ ಎರಡು ಸಾವಿರಕ್ಕೂ ಹೆಚ್ಚು ನಕ್ಷತ್ರ ಕಾಣುತ್ತವೆ. ನಮ್ಮ ಹಾಸ್ಟೆಲಿನ ತಾರಸಿಯಲ್ಲಿ ಬೆರಳೆಣಿಕೆಯಷ್ಟು.

ನಮ್ಮ ಖಗೋಳ ವೀಕ್ಷಣೆಯ ಚರಿತ್ರೆಯಲ್ಲೂ ಇದರ ಗುರುತು ಇದೆ. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಮದರಾಸಿನ ನುಂಗಂಬಾಕ್ಕಂನಲ್ಲಿ ವೀಕ್ಷಣಾಲಯ ಕಟ್ಟಿತು. ಅಲ್ಲಿ ಟಿ.ಜಿ. ಟೇಲರ್ 11,000ಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಮಾಡಿದ. 1861ರಲ್ಲಿ ಪಾಗ್ಸನ್ ಒಂದು ಕ್ಷುದ್ರಗ್ರಹ ಕಂಡು ಅದಕ್ಕೆ ‘ಏಷ್ಯಾ’ ಎಂದು ಹೆಸರಿಟ್ಟ. 1867ರಲ್ಲಿ ಚಿಂತಾಮಣಿ ರಘುನಾಥಾಚಾರಿ ಹೊಳಪು ಬದಲಾಗುವ ನಕ್ಷತ್ರವೊಂದನ್ನು ಗುರುತಿಸಿದರು. ಇದೆಲ್ಲ ನಡೆದದ್ದು ಇವತ್ತಿನ ಚೆನ್ನೈ ನಗರದ ನಡುಮಧ್ಯದಲ್ಲಿ! ಮುಂದೆ ಸೂರ್ಯನ ಅಧ್ಯಯನಕ್ಕೆಂದು ವೀಕ್ಷಣಾಲಯ ಕೊಡೈಕನಾಲ್ ಬೆಟ್ಟ ಹತ್ತಿತು. ನಕ್ಷತ್ರ ನೋಡಲು ತಕ್ಕ ರಾತ್ರಿಗಳನ್ನು ಹುಡುಕಿ ವೇಣು ಬಾಪು ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. 1968ರಲ್ಲಿ ಅಲ್ಲಿ ಕೆಲಸ ಶುರುವಾಯಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹಕ್ಕೆ ಉಂಗುರಗಳಿವೆ ಎಂದು ತೋರಿಸಿಕೊಟ್ಟ ವೀಕ್ಷಣೆಗಳಲ್ಲಿ ಕಾವಲೂರಿನದೂ ಒಂದು.

ಆಮೇಲೆ ಇನ್ನೂ ದೂರ, ಲಡಾಖಿನ ಹಾನ್ಲೆ. ಸುಮಾರು 4,500 ಮೀಟರ್ ಎತ್ತರದಲ್ಲಿ ಎರಡು ಮೀಟರ್ ವ್ಯಾಸದ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯ ಕೇಂದ್ರದಿಂದ. ತನ್ನ ತಲೆಯ ಮೇಲಿನ ಆಕಾಶ ಮಾಸಿದ ಊರಿನಲ್ಲಿ ಕುಳಿತು ಸಾವಿರಾರು ಕಿಲೋಮೀಟರ್ ಆಚೆಯ ಕತ್ತಲೆಯನ್ನು ಪರದೆಯ ಮೇಲೆ ನೋಡಬೇಕು. ಹಾನ್ಲೆಯ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶ 2022ರಲ್ಲಿ ಕತ್ತಲೆಯ ಆಕಾಶದ ಮೀಸಲು ಪ್ರದೇಶವಾಯಿತು. ಅಲ್ಲಿನ ಹಳ್ಳಿಯವರೇ ತರಬೇತಿ ಪಡೆದು, ಬಂದವರಿಗೆ ನಕ್ಷತ್ರ ತೋರಿಸುತ್ತಾರೆ. ಹುಲಿಗೆ, ಆನೆಗೆ ಕಾಡು ಮೀಸಲಿಟ್ಟಂತೆ ಕತ್ತಲೆಗೂ ಜಾಗ ಮೀಸಲಿಡುವ ಕಾಲಕ್ಕೆ ಬಂದಿದ್ದೇವೆ.

ಶಾಸನ ಬರೆಸಿದವನಿಗೆ ಇದು ಅರ್ಥವಾಗುತ್ತಿರಲಿಲ್ಲ. ಅರಸು ಬದಲಾದಾನು, ಗಾಣ ನಿಂತೀತು, ದತ್ತಿಯ ನೆಲವನ್ನು ಯಾರೋ ನುಂಗಿಯಾರು ಎಂಬ ಭಯ ಅವನಿಗಿತ್ತು; ಅದಕ್ಕೇ ಶಾಪ. ಯಾರೂ ಅಳಿಸಲಾಗದ್ದು ಎಂದು ನಂಬಿ ಸಾಕ್ಷಿಗೆ ಕರೆದದ್ದು ಆಕಾಶವನ್ನು. ಹಳೆಯ ಪಠ್ಯ ಓದುವ ನಮ್ಮಂಥವರು ಗ್ರಹಣದ ದಿನಾಂಕವನ್ನು ಕಂಪ್ಯೂಟರಿನಲ್ಲಿ ತಾಳೆ ನೋಡುತ್ತೇವೆ, ತಲೆ ಎತ್ತುವುದಿಲ್ಲ. ನಮ್ಮ ನಂತರ ಓದುವವರಿಗೆ ತಲೆ ಎತ್ತಿದರೂ ಸಾಕ್ಷಿ ಕಾಣದೆ ಹೋದರೆ, ‘ತಾರೆ’ ಎಂಬುದು ಸೊಲ್ಲಗೆಯಂತೆ ಅರ್ಥಕೋಶ ನೋಡಿ ತಿಳಿಯಬೇಕಾದ ಪದವಾದೀತು.

ಊರಿಗೆ ಕರೆಂಟು ಬಂದಾಗ ಹನ್ನೊಂದು ದಾಟಿತ್ತು. ಅಜ್ಜ ಎದ್ದು ಕಟ್ಟೆಯ ಬಲ್ಬು ಆರಿಸಿ, “ಇನ್ನೊಂದೀಟ ಹೊತ್ತು ನೋಡು” ಎಂದು ಹೇಳಿ ಮಲಗಲು ಹೋದರು.

ಬೆಂಗಳೂರಿಗೆ ಮರಳಿದ ಮೇಲೆ ಪ್ರಬಂಧದ ಕರಡು ತೆರೆದೆ. ‘ಶಾಶ್ವತವಾಗಿ’ ಎಂದಿದ್ದ ಕಡೆಯಲ್ಲೆಲ್ಲ ಅದನ್ನು ಹೊಡೆದುಹಾಕಿ, ‘ಚಂದ್ರ, ಸೂರ್ಯ, ತಾರೆಗಳು ಇರುವವರೆಗೆ’ ಎಂದು ಪೂರ್ತಿ ಬರೆದೆ.