‘ಸೆಷನ್ ಎಕ್ಸ್‌ಪೈರ್ಡ್’: ಪಟವಾರಿ ದಫ್ತರದಿಂದ ಮಾನ್ವಿಯ ಆನ್‌ಲೈನ್ ಅಂಗಡಿವರೆಗೆ

ಮಾನ್ವಿ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಒಂದು ಆನ್‌ಲೈನ್ ಅಂಗಡಿ. ಹಾಸ್ಟೆಲ್ ಅರ್ಜಿಗೆ ಅವತ್ತು ಕೊನೆಯ ದಿನ. ನಮ್ಮಲ್ಲಿ ಇಬ್ಬರು ಪಕ್ಕದ ಊರಿನ ಹುಡುಗಿಯೊಬ್ಬಳ ಜತೆ ಅಲ್ಲಿ ಕೂತಿದ್ದೆವು. ಪಿಯುಸಿ ಸೀಟು ಸಿಕ್ಕಿತ್ತು. ಹಾಸ್ಟೆಲ್ ಸಿಗದಿದ್ದರೆ ದಿನಾ ಬಸ್ಸಿಗೆ ಕಳಿಸುವುದಿಲ್ಲ ಎಂದು ಮನೆಯಲ್ಲಿ ಮೊದಲೇ ಹೇಳಿಬಿಟ್ಟಿದ್ದರು.

ಹೆಸರು, ಜಾತಿ ಪ್ರಮಾಣ ಪತ್ರದ ನಂಬರು, ಅಂಕಪಟ್ಟಿ ಎಲ್ಲ ತುಂಬಿ ಕೊನೆಯ ಬಟನ್ ಒತ್ತಿದರೆ ‘ಸೆಷನ್ ಎಕ್ಸ್‌ಪೈರ್ಡ್, ಮತ್ತೆ ಲಾಗಿನ್ ಆಗಿ’ ಎಂದು ಬರುತ್ತಿತ್ತು. ಎರಡನೇ ಸಲವೂ ಅದೇ, ಮೂರನೇ ಸಲವೂ ಅದೇ.

“ಸರ್ವರ್ ಸರಿ ಇಲ್ಲವ್ವಾ, ನಾಳಿ ಬಾ” ಎಂದ ಅಂಗಡಿಯವನು.

“ನಾಳಿ ಬಂದ್ರ ತಗೋತಾರೇನಣ್ಣ? ಇವತ್ತ ಕಡೀ ದಿನ ಐತಿ.”

ನಾಲ್ಕನೇ ಸಲ ಪುಟ ತೆರೆಯಿತು. ಆದರೆ ಮೇಲಿನ ಮೂಲೆಯಲ್ಲಿದ್ದ ಹೆಸರು ಆಕೆಯದಲ್ಲ, ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದ ಹುಡುಗನದು! ನೋಡದೆ ಮುಂದುವರಿದಿದ್ದರೆ ಆಕೆಯ ಕಾಗದಗಳು ಅವನ ಅರ್ಜಿಗೆ ಅಂಟಿಕೊಳ್ಳುತ್ತಿದ್ದವು. ಇಬ್ಬರ ಅರ್ಜಿಯೂ ಕೆಡುತ್ತಿತ್ತು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ದೇವದುರ್ಗದ ಗೆಳೆಯನಿಗೆ ಫೋನ್ ಹಚ್ಚಿದೆವು. ಅವನು ಕೇಳಿದ್ದು ಒಂದೇ ಪ್ರಶ್ನೆ: “ಬ್ರೌಸರ್‌ನ್ಯಾಗ ಎಷ್ಟು ಟ್ಯಾಬ್ ತೆರದೀರಿ?” ಆ ಪ್ರಶ್ನೆ ಯಾಕೆ ಕೇಳಿದ ಎಂದು ತಿಳಿಯಲು ನಾವು ಆಮೇಲೆ ಸಾಕಷ್ಟು ಓದಬೇಕಾಯಿತು. ಓದಿದ್ದು ಇಲ್ಲಿದೆ.

ಯಾರು ಯಾರೆಂದು ಗುರುತಿಸುವುದು ಕಂಪ್ಯೂಟರಿಗಿಂತ ಹಳೆಯ ಕೆಲಸ. ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದ ಜಿಲ್ಲೆಯಾಗಿದ್ದಾಗ, ಅಂದರೆ 1948ರವರೆಗೆ, ಊರಿನ ಜಮೀನಿನ ಲೆಕ್ಕ ಪಟವಾರಿಯ ದಫ್ತರದಲ್ಲಿ ಇರುತ್ತಿತ್ತು. ಅವನಿಗೆ ಪಾಸ್‌ವರ್ಡ್ ಬೇಕಿರಲಿಲ್ಲ. ಮುಖ ನೋಡಿದರೆ ಸಾಕು, ಯಾರ ಮಗ, ಯಾವ ಹೊಲ, ಎಷ್ಟು ಸಾಲ ಎಲ್ಲ ಗೊತ್ತು. ಗುರುತು ಅವನ ತಲೆಯಲ್ಲೇ ಇತ್ತು. ಹಾಗಾಗಿ ಗುರುತು ಸಿಗದಂತೆ ಮಾಡುವ ಅಧಿಕಾರವೂ ಅವನದೇ ಆಗಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯ ಸೇರಿತು. ದಫ್ತರದ ಹೆಸರು ಬದಲಾಯಿತು, ಪದ್ಧತಿ ಬಹಳ ಬದಲಾಗಲಿಲ್ಲ.

ಬದಲಾದದ್ದು ಭೂಮಿ ಯೋಜನೆ ಬಂದಾಗ. 2002ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದ್ದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಜನ ನೆನಪಿಟ್ಟುಕೊಂಡದ್ದು ಆ 15 ರೂಪಾಯಿ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೆರಳಚ್ಚು. ದಾಖಲೆ ಬದಲಿಸುವ ನೌಕರ ಬೆರಳಿಟ್ಟು ಲಾಗಿನ್ ಆಗಬೇಕಿತ್ತು. ‘ನಾನು ತಿದ್ದಿಲ್ಲ, ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದ್ದಾರೆ’ ಎನ್ನಲು ಆಗುತ್ತಿರಲಿಲ್ಲ. ಆದರೆ ಅಲ್ಲಿ ಬೆರಳಿಟ್ಟವನು, ಕಂಪ್ಯೂಟರು, ದಾಖಲೆ ಎಲ್ಲ ಒಂದೇ ಕಚೇರಿಯಲ್ಲಿ. ಇಂಟರ್‌ನೆಟ್‌ನಲ್ಲಿ ಹಾಗಲ್ಲ. ನೀವು ಮಾನ್ವಿಯಲ್ಲಿ, ಸರ್ವರ್ ಇನ್ನೆಲ್ಲೋ.

ಪಾಸ್‌ವರ್ಡ್‌ನ ಕತೆ ಸಣ್ಣದು, ಮೋಜಿನದು. 1961ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಎಂಬವರ ತಂಡ, ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವ ವ್ಯವಸ್ಥೆ ಮಾಡಿತು. ಯಾರ ಫೈಲು ಯಾರದು ಎಂದು ಬೇರೆ ಮಾಡಲು ಪಾಸ್‌ವರ್ಡ್ ಇಟ್ಟರು. ಮರುವರ್ಷವೇ ಅಲನ್ ಶೆರ್ ಎಂಬ ವಿದ್ಯಾರ್ಥಿ, ತನಗೆ ಕೊಟ್ಟ ಸಮಯ ಸಾಲದು ಎಂದು ಎಲ್ಲರ ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ಹಾಕಿಸಿಕೊಂಡ. 1966ರಲ್ಲಿ ಇನ್ನೂ ಚೆನ್ನಾಗಿ ಕೆಟ್ಟಿತು. ದಿನದ ಸೂಚನೆಯ ಫೈಲು ಮತ್ತು ಪಾಸ್‌ವರ್ಡ್ ಫೈಲು ಅದಲುಬದಲಾಗಿ, ಲಾಗಿನ್ ಆದ ಪ್ರತಿಯೊಬ್ಬರಿಗೂ ಎಲ್ಲರ ಪಾಸ್‌ವರ್ಡ್ ಕಾಣಿಸಿತು.

ಸೆಷನ್‌ನ ತೊಂದರೆ ಶುರುವಾದದ್ದು ವೆಬ್ ಬಂದ ಮೇಲೆ. ಟಿಮ್ ಬರ್ನರ್ಸ್-ಲೀ 1990ರ ಸುಮಾರಿಗೆ ವೆಬ್ ಕಟ್ಟಿದಾಗ ಅದು ಬರೀ ಕಾಗದ ತೋರಿಸುವ ಸಾಧನ. ನೀವು ಪುಟ ಕೇಳುತ್ತೀರಿ, ಸರ್ವರ್ ಕೊಡುತ್ತದೆ, ಕೊಟ್ಟ ಕ್ಷಣವೇ ನಿಮ್ಮನ್ನು ಮರೆಯುತ್ತದೆ. ಮುಂದಿನ ಕ್ಲಿಕ್‌ಗೆ ನೀವು ಮತ್ತೆ ಹೊಸಬರು. ಓದುವುದಕ್ಕೆ ಇದು ಸಾಕು. ಅಂಗಡಿ ನಡೆಸುವುದಕ್ಕೆ, ಅರ್ಜಿ ಹಾಕುವುದಕ್ಕೆ ಸಾಲದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಂಟುಲಿ ಇದಕ್ಕೊಂದು ಉಪಾಯ ಮಾಡಿದರು. ಸರ್ವರ್ ನಿಮ್ಮ ಬ್ರೌಸರಿಗೆ ಒಂದು ಚೀಟಿ ಕೊಡುತ್ತದೆ, ಪ್ರತಿ ಸಲ ಹೋಗುವಾಗ ಬ್ರೌಸರ್ ಆ ಚೀಟಿ ತೋರಿಸುತ್ತದೆ. ಅದೇ ಕುಕಿ. ‘ನೀವು ಲಾಗಿನ್ ಆಗಿದ್ದೀರಿ’ ಎಂದರೆ ನಿಮ್ಮ ಚೀಟಿ ಇನ್ನೂ ನಡೆಯುತ್ತಿದೆ ಎಂದಷ್ಟೇ ಅರ್ಥ.

ಚೀಟಿ ಸುಳ್ಳಾದರೆ? ಮಾನ್ವಿಯವರಿಗೆ ಇದನ್ನು ಹೇಳುವುದು ಸುಲಭ. 18ನೇ ಶತಮಾನದಲ್ಲಿ ಇಲ್ಲೇ ಬಾಳಿದ ಜಗನ್ನಾಥದಾಸರ ಹಾಡು ಯಾವ ಊರಿಗೆ ಹೋದರೂ ಕೊನೆಗೆ ‘ಜಗನ್ನಾಥ ವಿಠಲ’ ಎಂಬ ಅಂಕಿತ ಇರುತ್ತದೆ. ಹಾಡಿದವರು ಯಾರೇ ಆಗಲಿ, ಹಾಡು ಯಾರದೆಂದು ಅಂಕಿತ ಹೇಳುತ್ತದೆ. ಕುಕಿಗೂ ಸರ್ವರ್ ಹೀಗೊಂದು ಅಂಕಿತ ಹಾಕಿ ಕಳಿಸುತ್ತದೆ. ವ್ಯತ್ಯಾಸ ಇಷ್ಟೇ: ದಾಸರ ಅಂಕಿತವನ್ನು ಬೇರೆಯವರೂ ಸೇರಿಸಿ ಹಾಡಬಹುದು. ಸರ್ವರಿನ ಅಂಕಿತಕ್ಕೆ ಒಂದು ಗುಪ್ತ ಕೀಲಿ ಬೇಕು. ಕೀಲಿ ಇಲ್ಲದವರು ಹಾಕಿದರೆ ತಕ್ಷಣ ಗೊತ್ತಾಗುತ್ತದೆ.

ಆ ಕೀಲಿಯೇ ನಮ್ಮ ದೇವದುರ್ಗದ ಗೆಳೆಯನ ನಿದ್ದೆ ಕೆಡಿಸಿತ್ತು. ಅವನು ಕೆಲಸ ಮಾಡುವುದು ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ. ಇಂಥವನ್ನು ಫಂಕ್ಷನಲ್ ಭಾಷೆ ಎನ್ನುತ್ತಾರೆ.

ಹಿಟ್ಟಿನ ಗಿರಣಿ ನೆನೆಸಿಕೊಳ್ಳಿ. ನಿಮ್ಮ ಮುಂದಿನವರು ಮೆಣಸಿನಕಾಯಿ ಬೀಸಿಸಿ ಹೋಗಿದ್ದರೆ ನಿಮ್ಮ ಜೋಳದ ಹಿಟ್ಟು ಖಾರ. ಸಾಮಾನ್ಯ ಪ್ರೋಗ್ರಾಂ ಹಾಗೆ, ಹಿಂದೆ ನಡೆದದ್ದು ಒಳಗೆ ಉಳಿದಿರುತ್ತದೆ. ಒಬ್ಬರ ವಿವರ ಇನ್ನೊಬ್ಬರಿಗೆ ಕಾಣುವ ಎಷ್ಟೋ ಅನಾಹುತಗಳ ಮೂಲ ಇದೇ. ಫಂಕ್ಷನಲ್ ಗಿರಣಿಯಲ್ಲಿ ಏನೂ ಉಳಿಯುವುದಿಲ್ಲ. ಜೋಳ ಹಾಕಿದರೆ ಜೋಳದ ಹಿಟ್ಟು, ಇವತ್ತೂ ಅಷ್ಟೆ, ನಾಳೆಯೂ ಅಷ್ಟೆ. ಆದರೆ ಅದಕ್ಕೆ ಚೀಲ ಯಾರದೆಂದೂ ನೆನಪಿರುವುದಿಲ್ಲ. ಪ್ರತಿ ಚೀಲದ ಮೇಲೆ ಹೆಸರು ಬರೆದು ಕೊಡಬೇಕು.

ಈ ಸಾಲಿನ ಮೊದಲ ಭಾಷೆ ಲಿಸ್ಪ್. 1958ರಲ್ಲಿ ಜಾನ್ ಮೆಕಾರ್ಥಿ ರೂಪಿಸಿದ್ದು. 1995ರಲ್ಲಿ ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ ಇದೇ ಲಿಸ್ಪ್‌ನಲ್ಲಿ ವಯಾವೆಬ್ ಎಂಬ ಆನ್‌ಲೈನ್ ಅಂಗಡಿ ಕಟ್ಟುವ ತಾಣ ಮಾಡಿದರು. 1998ರಲ್ಲಿ ಯಾಹೂ ಅದನ್ನು ಕೊಂಡಿತು. (ಈ ಮಾರಿಸ್‌ನ ಅಪ್ಪನ ಹೆಸರೂ ರಾಬರ್ಟ್ ಮಾರಿಸ್. ಯುನಿಕ್ಸ್‌ನಲ್ಲಿ ಪಾಸ್‌ವರ್ಡನ್ನು ಗುಪ್ತವಾಗಿ ಇಡುವ ವಿಧಾನ ರೂಪಿಸಿದವರಲ್ಲಿ ಒಬ್ಬರು. ಮಗ 1988ರಲ್ಲಿ ಇಂಟರ್‌ನೆಟ್ಟನ್ನೇ ಕಂಗೆಡಿಸಿದ ‘ವರ್ಮ್’ ಬಿಟ್ಟವನು.) ನೀವು ಒತ್ತಬಹುದಾದ ಲಿಂಕಿಗೆ ‘ಇವರು ಒತ್ತಿದರೆ ಮುಂದೆ ಇದು’ ಎಂಬ ಪುಟ್ಟ ಫಂಕ್ಷನ್ ಮಾಡಿ ಸರ್ವರಿನ ನೆನಪಿನಲ್ಲಿ ಇಡುವುದು ಅವರ ಜಾಣತನ. ಇದೇ ಜಾಣತನವನ್ನು ಗ್ರಹಾಂ 2007ರಲ್ಲಿ ಶುರುಮಾಡಿದ ಹ್ಯಾಕರ್ ನ್ಯೂಸ್ ತಾಣದಲ್ಲೂ ಬಳಸಿದರು. ಅಲ್ಲಿ ನಿಧಾನಕ್ಕೆ ಓದಿ ಮುಂದಿನ ಪುಟ ಒತ್ತಿದವರಿಗೆ ವರ್ಷಗಟ್ಟಲೆ ‘ಲಿಂಕ್ ಅವಧಿ ಮುಗಿದಿದೆ’ ಎಂಬ ಸಾಲು ಕಾಣಿಸುತ್ತಿತ್ತು. ನೆನಪು ತುಂಬಿದಾಗ ಹಳೆಯ ಫಂಕ್ಷನ್ ಬಿಸಾಡಲೇಬೇಕಲ್ಲ. ಮಾನ್ವಿಯ ಹುಡುಗಿ ನೋಡಿದ ಸಾಲಿನ ಖಾಸಾ ಅಣ್ಣ ಇದು.

1990ರಲ್ಲಿ ಬಂದ ಹ್ಯಾಸ್ಕೆಲ್ ಇನ್ನೂ ಕಟ್ಟುನಿಟ್ಟು. ‘ಈ ಪುಟಕ್ಕೆ ಲಾಗಿನ್ ಆದವರು ಬೇಕು’ ಎಂಬ ನಿಯಮವನ್ನು ಭಾಷೆಯ ಲೆಕ್ಕದಲ್ಲೇ ಬರೆಯಬಹುದು. ಆಗ ಬಳಕೆದಾರ ಯಾರೆಂದು ಕೊಡದೆ ಆ ಪ್ರೋಗ್ರಾಂ ತಯಾರೇ ಆಗುವುದಿಲ್ಲ. ಇದು ದೂರದ ಮಾತಲ್ಲ. ಬೆಂಗಳೂರಿನ ಆಟೋ ಚಾಲಕರ ಸಂಘದ ಜತೆ ಸೇರಿ ಜಸ್‌ಪೇ ಕಂಪನಿ 2022ರಲ್ಲಿ ತಂದ ‘ನಮ್ಮ ಯಾತ್ರಿ’ ಆ್ಯಪ್‌ನ ಸರ್ವರ್ ಭಾಗ ಹ್ಯಾಸ್ಕೆಲ್‌ನಲ್ಲಿದೆ, ಕೋಡ್ ಎಲ್ಲರೂ ನೋಡಲು ತೆರೆದಿದೆ. ನಮ್ಮ ಕಡೆಯಿಂದ ದುಡಿಯಲು ಹೋಗಿ ಬೆಂಗಳೂರಿನಲ್ಲಿ ಆಟೋ ಹಿಡಿದ ಹುಡುಗರ ಕೈಯಲ್ಲಿ ಹ್ಯಾಸ್ಕೆಲ್ ಇದೆ, ಹೆಸರು ಗೊತ್ತಿಲ್ಲ ಅಷ್ಟೆ. ನಿಮ್ಮ ಕೈಯಲ್ಲೂ ಇಂಥದೊಂದು ಇದೆ. ವಾಟ್ಸ್ಆ್ಯಪ್‌ನ ಸರ್ವರ್ ಓಡುವುದು ಎರ್ಲಾಂಗ್‌ನಲ್ಲಿ. 1986ರಲ್ಲಿ ಎರಿಕ್ಸನ್ ಕಂಪನಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಾಗಿ ಹುಟ್ಟಿದ ಫಂಕ್ಷನಲ್ ಭಾಷೆ ಅದು. 2012ರ ಹೊತ್ತಿಗೆ ಒಂದೇ ಸರ್ವರಿನಲ್ಲಿ 20 ಲಕ್ಷ ಫೋನ್‌ಗಳ ಸಂಪರ್ಕ ಹಿಡಿದಿಟ್ಟಿದ್ದರು.

ಗೆಳೆಯನ ಕತೆಗೆ ಬರೋಣ. ಅವನ ಮೊದಲ ಕೆಲಸದಲ್ಲಿ ಜನ ಪದೇ ಪದೇ ಲಾಗೌಟ್ ಆಗುತ್ತಿದ್ದರು. ಒಂದು ಕ್ಲಿಕ್‌ಗೆ ಒಳಗೆ, ಇನ್ನೊಂದು ಕ್ಲಿಕ್‌ಗೆ ಹೊರಗೆ. ಎಲ್ಲೂ ಎರರ್ ಇಲ್ಲ, ಲಾಗ್ ಫೈಲು ಸ್ವಚ್ಛ. ಕೋಡ್ ಮೂರು ಸಲ ಓದಿದರೂ ತಪ್ಪಿಲ್ಲ. ಅವರು ಬಳಸುತ್ತಿದ್ದುದು ಹ್ಯಾಸ್ಕೆಲ್‌ನ ಯೆಸೋಡ್ ಎಂಬ ಸಲಕರಣೆ. ಅದು ಸೆಷನ್ನನ್ನು ಗುಪ್ತ ಲಿಪಿಯಲ್ಲಿ ಕುಕಿಯೊಳಗೇ ಇಟ್ಟು ಬ್ರೌಸರಿಗೆ ಕಳಿಸುತ್ತದೆ. ಬಿಡಿಸುವ ಕೀಲಿ ಸರ್ವರಿನ ಒಂದು ಫೈಲಿನಲ್ಲಿ. ಆ ಫೈಲು ಕಾಣದಿದ್ದರೆ ಅದು ಗಲಾಟೆ ಮಾಡುವುದಿಲ್ಲ, ಸುಮ್ಮನೆ ಹೊಸ ಕೀಲಿ ಮಾಡಿಕೊಳ್ಳುತ್ತದೆ.

ಹೊರೆ ಹೆಚ್ಚಾಯಿತೆಂದು ಅವರು ಒಂದಿದ್ದ ಸರ್ವರನ್ನು ಎರಡು ಮಾಡಿದ್ದರು. ಕೀಲಿಯ ಫೈಲು ಎರಡನೆಯದಕ್ಕೆ ಹೋಗಿರಲಿಲ್ಲ. ಅದು ತನ್ನದೇ ಕೀಲಿ ಮಾಡಿಕೊಂಡಿತ್ತು. ಮೊದಲ ಸರ್ವರ್ ಕೊಟ್ಟ ಚೀಟಿಯನ್ನು ಎರಡನೆಯದು ಬಿಡಿಸಲಾರದು. ಬಿಡಿಸಲಾಗದ ಚೀಟಿ ಎಂದರೆ ಪ್ರೋಗ್ರಾಂ ಲೆಕ್ಕದಲ್ಲಿ ಚೀಟಿಯೇ ಇಲ್ಲ, ಬಂದವರು ಹೊಸಬರು. ಅದಕ್ಕೇ ಎರರ್ ಇರಲಿಲ್ಲ. ಗಿರಣಿ ಸರಿಯಾಗಿಯೇ ಬೀಸುತ್ತಿತ್ತು, ಚೀಲದ ಮೇಲಿನ ಹೆಸರು ಅದಕ್ಕೆ ಓದಲು ಬರುತ್ತಿರಲಿಲ್ಲ. ಪತ್ತೆಯಾದದ್ದು ಬಹಳ ಸಾದಾ ರೀತಿಯಲ್ಲಿ. ರಾತ್ರಿ ಒಂದು ಸರ್ವರ್ ನಿಲ್ಲಿಸಿ ನೋಡಿದರು, ಲಾಗೌಟ್ ನಿಂತಿತು. ಎರಡೂ ಕಡೆಯ ಫೈಲು ಪಕ್ಕ ಪಕ್ಕ ಇಟ್ಟರು, ಬೇರೆ ಬೇರೆ. ನಾಲ್ಕು ದಿನ ಕೋಡ್ ಓದಿದ್ದು ದಂಡ ಎಂದು ಅವನು ಈಗಲೂ ನಗುತ್ತಾನೆ. ಭಾಷೆ ಎಷ್ಟು ಕಟ್ಟುನಿಟ್ಟಾದರೂ ಕೀಲಿ ಎಲ್ಲಿಟ್ಟಿದ್ದೇವೆ ಎಂಬುದು ಭಾಷೆಯ ಹೊರಗಿನ ಮಾತು. ಅದೇ ಸಲಕರಣೆಯಲ್ಲಿ 120 ನಿಮಿಷ ಸುಮ್ಮನಿದ್ದರೆ ಸೆಷನ್ ಮುಗಿಯುವಂತೆ ಮೊದಲೇ ಇಟ್ಟಿರುತ್ತಾರೆ. ಬೇರೆ ತಾಣಗಳಲ್ಲಿ ಇನ್ನೂ ಕಡಿಮೆ ಇರಬಹುದು.

ಅಂಗಡಿಯಲ್ಲಿ ಆಗಿದ್ದೂ ಭಾಷೆಯ ಹೊರಗೇ. ಗದ್ದಲ ಇದ್ದುದರಿಂದ ಅಂಗಡಿಯವನು ಒಂದು ಟ್ಯಾಬ್‌ನಲ್ಲಿ ಹುಡುಗಿಯ ಅರ್ಜಿ, ಪಕ್ಕದ ಟ್ಯಾಬ್‌ನಲ್ಲಿ ಹುಡುಗನ ಅರ್ಜಿ ತೆರೆದಿದ್ದ. ಟ್ಯಾಬ್ ಎರಡಾದರೂ ಬ್ರೌಸರ್ ಒಂದೇ, ಆ ತಾಣದ ಚೀಟಿ ಇಡುವ ಡಬ್ಬಿಯೂ ಒಂದೇ. ಹುಡುಗ ಲಾಗಿನ್ ಆದ ಕ್ಷಣ ಹುಡುಗಿಯ ಚೀಟಿಯ ಜಾಗಕ್ಕೆ ಅವನದು ಬಂದು ಕೂತಿತು. ಆಕೆಯ ಅರ್ಜಿಯೊಳಗಿನ ಗುರುತು ಹೊಸ ಚೀಟಿಗೆ ತಾಳೆಯಾಗದೆ ‘ಎಕ್ಸ್‌ಪೈರ್ಡ್’ ಎಂದಿತು. ನಾಲ್ಕನೇ ಸಲ ಪುಟ ಹೊಸದಾಗಿ ತೆರೆದಾಗ ಇದ್ದದ್ದು ಅವನ ಚೀಟಿ, ಬಂದದ್ದು ಅವನ ಹೆಸರು. ಆ ತಾಣ ಯಾವ ಭಾಷೆಯಲ್ಲಿದ್ದರೂ ಹೀಗೇ ಆಗುತ್ತಿತ್ತು.

ಗೆಳೆಯ ಹೇಳಿದಂತೆ ಹುಡುಗನನ್ನು ಲಾಗೌಟ್ ಮಾಡಿಸಿ ಎಲ್ಲ ಟ್ಯಾಬ್ ಮುಚ್ಚಿಸಿದೆವು. ಸ್ಕ್ಯಾನ್ ಮಾಡಿದ ಫೈಲುಗಳನ್ನು ಮೊದಲೇ ಒಂದೆಡೆ ಇಟ್ಟು ಆಮೇಲೆ ಲಾಗಿನ್ ಆದೆವು. ಹುಡುಗನ ಅರ್ಜಿಯನ್ನು ಬೇರೆ ಬ್ರೌಸರಿನಲ್ಲಿ ತೆರೆಸಿದೆವು. ಇನ್‌ಕಾಗ್ನಿಟೊ ಕಿಟಕಿಯಾದರೂ ನಡೆಯುತ್ತಿತ್ತು, ಅದರ ಡಬ್ಬಿ ಬೇರೆ. ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದ ಮೇಲೆ ಹುಡುಗಿಯ ಫೋನಿಗೆ ಅರ್ಜಿ ಸಂಖ್ಯೆ ಬಂತು. ಹುಡುಗನದು ಅದಕ್ಕಿಂತ ಹತ್ತು ನಿಮಿಷ ಮೊದಲೇ ಬಂದಿತ್ತು.

ಒಂದು ಮಾತು ಉಳಿಯಿತು. ಈಗ ಪಾಸ್‌ವರ್ಡ್‌ನ ಜಾಗಕ್ಕೆ ಒಟಿಪಿ ಬಂದಿದೆ, ಗುರುತು ಎಂದರೆ ಸಿಮ್ ಎಂದಾಗಿದೆ. ರೀಚಾರ್ಜ್ ಇಲ್ಲದೆ ಬಂದ್ ಆದ ನಂಬರನ್ನು 90 ದಿನದ ಬಳಿಕ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಆ ಹುಡುಗಿಯ ಅರ್ಜಿಗೆ ಜೋಡಿಸಿದ್ದು ಪುಣೆಗೆ ದುಡಿಯಲು ಹೋದ ಅಣ್ಣನ ಹಳೆಯ ನಂಬರು. ಅವತ್ತು ಸಿಮ್ ಮನೆಯ ಸಣ್ಣ ಫೋನಿನಲ್ಲಿತ್ತು, ಒಟಿಪಿ ಬಂತು. ಮರುದಿನ ಆಕೆಯ ಅವ್ವನ ಕೈಯಿಂದ ಅದಕ್ಕೆ ರೀಚಾರ್ಜ್ ಮಾಡಿಸಿದೆವು.